ಜಲಾಶಯ ತುಂಬಿದ್ದಾಗ ಬರೆದ ಬರದ ಯೋಜನೆ

ನಗರದ ನೀರು ಸರಬರಾಜು ಯೋಜನಾ ವಿಭಾಗಕ್ಕೆ ನಾನು ಸೇರಿದ ದಿನ ಮೇಜಿನ ಮೇಲೆ ಬಂದು ಕುಳಿತ ಹಳೆಯ ಕಡತದಲ್ಲಿ, ಮುಂದಿನ ಮೂವತ್ತು ವರ್ಷಗಳ ಯೋಜನೆ ಎಂಬ ಶೀರ್ಷಿಕೆಯಡಿ ಒಂದೇ ಒಂದು ಕೋಷ್ಟಕವಿತ್ತು. ಎಡಗಡೆ ಇಸವಿ, ಅದರ ಪಕ್ಕದಲ್ಲಿ ಅಂದಾಜು ಜನಸಂಖ್ಯೆ, ಅದನ್ನು ತಲಾವಾರು ಲೀಟರಿನಿಂದ ಗುಣಿಸಿದ ಬೇಡಿಕೆ, ಎದುರಿಗೆ ಪೂರೈಕೆ, ಕೊನೆಯ ಅಂಕಣದಲ್ಲಿ ಕೊರತೆ. ಕೊರತೆ ನೀಗಲು ದೂರದ ನದಿಯಿಂದ ಇನ್ನೊಂದು ಕೊಳವೆ ಮಾರ್ಗ ಹಾಕಬೇಕೆಂಬ ಷರಾದೊಂದಿಗೆ ಯೋಜನೆ ಮುಗಿದಿತ್ತು. ಬೇಡಿಕೆಯ ಅಂಕಿ ವರ್ಷ ವರ್ಷವೂ ಏರುತ್ತಿತ್ತು, ಪೂರೈಕೆಯ ಅಂಕಣದಲ್ಲಿ ಮಾತ್ರ ಮೂವತ್ತು ಸಾಲುಗಳಲ್ಲೂ ಒಂದೇ ಅಂಕಿ ಇತ್ತು. ಮಳೆ ಕೈಕೊಟ್ಟ ವರ್ಷ ಏನು ಮಾಡಬೇಕು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಕೋಷ್ಟಕವನ್ನು ತಿದ್ದಿ ಹೊಸ ಜನಗಣತಿಗೆ ಹೊಂದಿಸಿ ಕೊಟ್ಟರೆ ಸಾಕು ಎಂಬುದು ನನಗೆ ಒಪ್ಪಿಸಿದ ಕೆಲಸ. ಆ ಕೆಲಸ ನಾಲ್ಕು ವರ್ಷ ಹಿಡಿಯಿತು. ಬೇಡಿಕೆಯ ಅಂಕಿಯ ಮೇಲೆ ಎಲ್ಲರೂ ವಾದ ಮಾಡುತ್ತಿದ್ದರು; ಯಾರೂ ಪ್ರಶ್ನಿಸದೆ ಬಿಟ್ಟಿದ್ದ ಪೂರೈಕೆಯ ಅಂಕಿಯೇ ಎಲ್ಲಕ್ಕಿಂತ ದುರ್ಬಲವಾಗಿತ್ತು ಎಂಬುದು ತಿಳಿಯುವುದಕ್ಕೇ ಮೊದಲ ವರ್ಷ ಹೋಯಿತು.

ಜಲಾಶಯದಿಂದ ಎಂಥ ವರ್ಷದಲ್ಲೂ ತಪ್ಪದೆ ದಿನಕ್ಕೆ ಎಷ್ಟು ನೀರು ತೆಗೆಯಬಹುದು ಎಂಬುದನ್ನು ನಾವು ನೆಚ್ಚಬಹುದಾದ ಇಳುವರಿ ಎನ್ನುತ್ತೇವೆ. ಇದನ್ನು ಕಂಡುಹಿಡಿಯುವ ಹಳೆಯ ವಿಧಾನ ಸರಳವಾದುದು. ತಿಂಗಳು ತಿಂಗಳ ಒಳಹರಿವನ್ನು ಕೂಡಿಸುತ್ತಾ ಹೋಗಿ ಒಂದು ಏರುಗೆರೆ ಎಳೆಯುವುದು, ತೆಗೆಯಬೇಕೆಂದಿರುವ ನೀರನ್ನು ಇನ್ನೊಂದು ಗೆರೆಯಾಗಿ ಎಳೆಯುವುದು, ಎರಡರ ನಡುವಿನ ಅತಿ ದೊಡ್ಡ ಅಂತರವನ್ನು ಜಲಾಶಯ ತುಂಬಿಕೊಡಬಲ್ಲದೇ ಎಂದು ನೋಡುವುದು. ರಿಪ್ಪಲ್ ಎಂಬ ಎಂಜಿನಿಯರ್ 1883ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಕಂಪ್ಯೂಟರ್ ಬಂದ ಮೇಲೂ ನಾನು ಒಮ್ಮೆಯಾದರೂ ಕೈಯಲ್ಲಿ ಬಿಡಿಸಿ ನೋಡುತ್ತೇನೆ. ಬರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ವಿಧಾನದಲ್ಲಿ ತೊಂದರೆಯಿಲ್ಲ. ಅದಕ್ಕೆ ಉಣಿಸುವ ದಾಖಲೆಯಲ್ಲಿ ತೊಂದರೆ ಇರುತ್ತದೆ.

ನಮ್ಮ ದಾಖಲೆಯೆಂದರೆ ನದಿಯಲ್ಲಿ ನೀರಿನ ಮಟ್ಟ ತೋರಿಸಲು ನೆಟ್ಟ ಮಾಪನ ಪಟ್ಟಿಯನ್ನು ದಿನವೂ ಬೆಳಿಗ್ಗೆ ಓದಿ ಬರೆದಿಟ್ಟ ರಿಜಿಸ್ಟರುಗಳು. ಅವುಗಳನ್ನು ಗಣಕಕ್ಕೆ ಏರಿಸುವ ಕೆಲಸ ಬೇರೆಯವರದಾದರೂ, ಕೆಲವು ವಾರ ನಾನೇ ಕುಳಿತು ಮೂಲ ಪುಟಗಳನ್ನು ತಿರುವಿ ಹಾಕಿದೆ. ಒಂದು ಮಳೆಗಾಲದ ಪುಟದಲ್ಲಿ ಸತತ ಐದು ದಿನ ಒಂದೇ ಅಂಕಿ ಇತ್ತು, ಶಾಯಿಯೂ ಅಕ್ಷರದ ಓರೆಯೂ ಒಂದೇ ಆಗಿದ್ದವು. ಆರನೆಯ ದಿನ ಬಣ್ಣವೂ ಅಂಕಿಯೂ ಬದಲಾಗಿದ್ದವು. ಮಾಪನ ಪಟ್ಟಿಯ ಬಳಿ ಹತ್ತಾರು ವರ್ಷ ಕೆಲಸ ಮಾಡಿ ನಿವೃತ್ತರಾಗಿದ್ದ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗಿ ಆ ಪುಟ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಪ್ರವಾಹ ಬಂದಾಗ ಆ ಕಡೆಗೆ ದಾಟುವುದು ಹೇಗೆ ಸಾರ್? ಖಾಲಿ ಬಿಟ್ಟರೆ ವಿವರಣೆ ಕೇಳುತ್ತಿದ್ದರು, ಅದಕ್ಕೆ ಹಿಂದಿನ ದಿನದ್ದನ್ನೇ ಬರೆಯುತ್ತಿದ್ದೆವು" ಎಂದರು. ಹೀಗಾಗಿ ದೊಡ್ಡ ಪ್ರವಾಹಗಳು ದಾಖಲೆಯಲ್ಲಿ ಕುಗ್ಗಿದ್ದವು. ಅದಕ್ಕೆ ವಿರುದ್ಧವಾಗಿ ಬೇಸಿಗೆಯಲ್ಲಿ ನದಿ ಮಾಪನ ಪಟ್ಟಿಯ ಬುಡವನ್ನು ಬಿಟ್ಟು ಪಕ್ಕದ ಕಾಲುವೆಯಲ್ಲಿ ಹರಿಯುತ್ತಿದ್ದ ತಿಂಗಳುಗಳಲ್ಲಿ, ಪಟ್ಟಿಯ ಬುಡದ ಗುಂಡಿಯಲ್ಲಿ ನಿಂತ ನೀರಿನ ಮಟ್ಟವನ್ನೇ ಹರಿವೆಂದು ಲೆಕ್ಕ ಹಾಕಲಾಗಿತ್ತು. ಅಂದರೆ ಒಳ್ಳೆಯ ವರ್ಷಗಳು ಇದ್ದುದಕ್ಕಿಂತ ಬಡವಾಗಿ, ಕೆಟ್ಟ ವರ್ಷಗಳು ಇದ್ದುದಕ್ಕಿಂತ ಸಮೃದ್ಧವಾಗಿ ಕಾಣುತ್ತಿದ್ದವು. ಬರದ ಯೋಜನೆಗೆ ಇದಕ್ಕಿಂತ ಅಪಾಯಕಾರಿಯಾದ ತಪ್ಪು ಇನ್ನೊಂದಿಲ್ಲ.

ದಾಖಲೆ ಸರಿಯಿದ್ದರೂ ಅದು ಯಾವ ಕಾಲದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಕೊಲರಾಡೊ ನದಿಯ ನೀರನ್ನು 1922ರಲ್ಲಿ ಏಳು ರಾಜ್ಯಗಳ ಎರಡು ಗುಂಪುಗಳಿಗೆ ಹಂಚಿದಾಗ ಆಧಾರವಾಗಿ ಹಿಡಿದ ವರ್ಷಗಳು ಅಸಾಮಾನ್ಯವಾಗಿ ಮಳೆ ಸುರಿದ ವರ್ಷಗಳಾಗಿದ್ದವು ಎಂಬುದು ಆಮೇಲೆ ಮರದ ಬೆಳವಣಿಗೆಯ ಉಂಗುರಗಳನ್ನು ಓದಿದಾಗ ತಿಳಿಯಿತು. ನದಿಯಲ್ಲಿ ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿದ ಆ ತಪ್ಪಿನ ಜಗಳ ಇಂದಿಗೂ ನಿಂತಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದ ಜಲಾಶಯಗಳಿಗೆ ಬರುವ ನೀರು 1970ರ ದಶಕದ ನಡುವಿನಿಂದ ಒಮ್ಮೆಲೇ ಕೆಳಮಟ್ಟಕ್ಕೆ ಇಳಿದು, ಮತ್ತೆ ಹಳೆಯ ಮಟ್ಟಕ್ಕೆ ಏರಲೇ ಇಲ್ಲ. ಅಲ್ಲಿಯ ಯೋಜಕರು ಹಳೆಯ ಸರಾಸರಿಯನ್ನು ಬಿಟ್ಟು, ಇಳಿದ ಮಟ್ಟವನ್ನೇ ಹೊಸ ಸಹಜಸ್ಥಿತಿಯೆಂದು ಒಪ್ಪಿಕೊಂಡದ್ದು ನನಗೆ ದೊಡ್ಡ ಪಾಠವಾಯಿತು. ನಾವು ಪೂರ್ಣ ದಾಖಲೆಯ ಸರಾಸರಿಯ ಜೊತೆಗೆ ಇತ್ತೀಚಿನ ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಬೇರೆಯಾಗಿ ಮಾಡಿದೆವು, ಜೊತೆಗೆ ದಾಖಲೆಯ ಅತಿ ಕೆಟ್ಟ ಎರಡು ವರ್ಷಗಳು ಬೆನ್ನು ಬೆನ್ನಿಗೆ ಬಂದರೆ ಏನಾಗುತ್ತದೆ ಎಂದೂ ಓಡಿಸಿ ನೋಡಿದೆವು. ನಗರವನ್ನು ಕೆಡವುವುದು ಒಂದು ಬರಗಾಲವಲ್ಲ, ಅರ್ಧ ತುಂಬಿದ ಜಲಾಶಯದ ಮೇಲೆ ಬಂದೆರಗುವ ಎರಡನೆಯದು.

ಇನ್ನು ಜಲಾಶಯದ ಹೊಟ್ಟೆಯ ವಿಷಯ. ನೀರಿನ ಮಟ್ಟ ಇಷ್ಟಿದ್ದರೆ ಸಂಗ್ರಹ ಇಷ್ಟು ಎಂದು ಹೇಳುವ ಕೋಷ್ಟಕವೊಂದು ಪ್ರತಿಯೊಂದು ಜಲಾಶಯಕ್ಕೂ ಇರುತ್ತದೆ. ನಮ್ಮದು ಅಣೆಕಟ್ಟು ಕಟ್ಟಿದಾಗಿನದು. ಹೂಳಿನ ಸಮೀಕ್ಷೆಗೆ ಒಪ್ಪಿಗೆ ಸಿಗುವುದು ತಡವಾಯಿತು. ನೀರು ಇರುವಾಗ ಅದು ಅನಗತ್ಯ ಖರ್ಚಾಗಿ ಕಾಣುತ್ತದೆ, ನೀರು ಇಲ್ಲದಾಗ ದೋಣಿ ಓಡುವುದಿಲ್ಲ. ಕೊನೆಗೆ ಧ್ವನಿ ತರಂಗದಿಂದ ಆಳ ಅಳೆಯುವ ಉಪಕರಣವನ್ನು ದೋಣಿಗೆ ಕಟ್ಟಿಕೊಂಡು, ದಡದಿಂದ ದಡಕ್ಕೆ ಸಮಾನಾಂತರ ಗೆರೆಗಳಲ್ಲಿ ಹಲವು ದಿನ ಓಡಾಡಿದೆವು. ಹೂಳು ಗೋಡೆಯ ಬುಡದಲ್ಲಿ ಕುಳಿತಿರುತ್ತದೆ ಎಂದು ನಾನು ಭಾವಿಸಿದ್ದೆ. ಅದು ಹೆಚ್ಚಾಗಿ ಕುಳಿತಿದ್ದದ್ದು ನದಿ ಬಂದು ಸೇರುವ ಹಿನ್ನೀರಿನ ತುದಿಯಲ್ಲಿ. ನೀರಿನ ವೇಗ ತಗ್ಗಿದ ಕೂಡಲೇ ಮರಳು ಅಲ್ಲೇ ಇಳಿಯುತ್ತದೆ, ಸಣ್ಣ ಮಣ್ಣು ಮಾತ್ರ ಗೋಡೆಯವರೆಗೆ ಬರುತ್ತದೆ. ಹೀಗಾಗಿ ಹೂಳು ತಿಂದದ್ದು ಬಳಕೆಯ ಸಂಗ್ರಹವನ್ನೇ ಹೊರತು, ತಳದಲ್ಲಿ ಹೂಳಿಗೆಂದೇ ಮೀಸಲಿಟ್ಟ ಜಾಗವನ್ನಲ್ಲ. ಹೊಸ ಕೋಷ್ಟಕ ಬಂದ ದಿನ ನಮ್ಮ ಜಲಾಶಯ ಒಂದು ಹನಿಯೂ ಖರ್ಚಾಗದೆ ಚಿಕ್ಕದಾಯಿತು, ಆ ದಿನದ ಸಭೆಯಲ್ಲಿ ಹೆಚ್ಚು ಮಾತು ಹೊರಡಲಿಲ್ಲ.

ಆವಿಯಾಗುವ ನೀರನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಂಡೆವು. ಬಿಸಿಲ ನಾಡಿನ ಜಲಾಶಯದಿಂದ ವರ್ಷಕ್ಕೆ ಒಂದೂವರೆ, ಎರಡು ಮೀಟರ್ ಆಳದ ನೀರು ಆಕಾಶಕ್ಕೆ ಹೋಗುವುದು ಸಾಮಾನ್ಯ. ತಳದ ನೀರಿನ ಬಗ್ಗೆಯೂ ಸ್ಪಷ್ಟವಾಗಿ ಬರೆದಿಟ್ಟೆವು. ಬ್ರೆಜಿಲ್‌ನ ಸಾವೊ ಪೌಲೊ ನಗರ 2014ರಲ್ಲಿ ಕಾಂತರೇರಾ ಜಲಾಶಯಗಳ ತೂಬಿಗಿಂತ ಕೆಳಗಿದ್ದ ನೀರನ್ನು ತೇಲುವ ಪಂಪುಗಳಿಂದ ಎತ್ತಬೇಕಾಯಿತು. ಅಂಥ ನೀರು ಇದೆಯೆಂಬುದು ನಿಜ, ಆದರೆ ಪಂಪು, ವಿದ್ಯುತ್, ಕೊಳವೆ ಮತ್ತು ಕೆಸರುಮಿಶ್ರಿತ ನೀರನ್ನು ಶುದ್ಧೀಕರಿಸುವ ವ್ಯವಸ್ಥೆ ಮೊದಲೇ ಸಿದ್ಧವಿಲ್ಲದಿದ್ದರೆ ಅದನ್ನು ಸಂಗ್ರಹವೆಂದು ಎಣಿಸುವುದು ಸರಿಯಲ್ಲ. ನಮ್ಮ ಯೋಜನೆಯಲ್ಲಿ ಅದನ್ನು ಪ್ರತ್ಯೇಕ ಸಾಲಿನಲ್ಲಿ, ಬೆಂಕಿ ನಂದಿಸಲು ಇಟ್ಟ ಮರಳಿನ ಬಕೆಟ್ಟಿನ ಹಾಗೆ ತೋರಿಸಿದ್ದೇವೆ.

ಬೇಡಿಕೆಯ ಕಡೆಗೆ ಬಂದಾಗ ಮೊದಲ ಅಚ್ಚರಿ ಶುದ್ಧೀಕರಣ ಘಟಕದ ಬಾಗಿಲಲ್ಲೇ ಕಾದಿತ್ತು. ನಗರಕ್ಕೆ ಹೊರಡುವ ನೀರನ್ನು ಅಳೆಯುವ ಮೀಟರ್ ಕೊಳವೆಯ ಬಾಗಿನ ತೀರಾ ಸಮೀಪದಲ್ಲಿತ್ತು. ಅಲ್ಲಿ ನೀರು ಸುಳಿಯುವುದರಿಂದ ಅದು ನಿಜಕ್ಕಿಂತ ಹೆಚ್ಚು ತೋರಿಸುತ್ತಿತ್ತು. ತೊಟ್ಟಿಯೊಂದನ್ನು ಖಾಲಿ ಮಾಡಿ, ಅದು ತುಂಬುವ ವೇಗವನ್ನು ಗಡಿಯಾರ ಹಿಡಿದು ಅಳೆದಾಗ ಇದು ಸಾಬೀತಾಯಿತು. ನಾವು ವರ್ಷಗಳಿಂದ ಕೊಟ್ಟೆವೆಂದು ಹೇಳಿಕೊಳ್ಳುತ್ತಿದ್ದ ನೀರಿನಲ್ಲಿ ಒಂದು ಪಾಲು ಮೀಟರಿನ ಭ್ರಮೆಯಾಗಿತ್ತು. ಉಳಿದದ್ದನ್ನು ಅಂತರರಾಷ್ಟ್ರೀಯ ಜಲ ಸಂಘದ ನೀರಿನ ಲೆಕ್ಕಪಟ್ಟಿಯ ಮಾದರಿಯಲ್ಲಿ ವಿಂಗಡಿಸಿದೆವು: ಬಿಲ್ ಆದದ್ದು, ಬಿಲ್ ಇಲ್ಲದೆ ಕೊಟ್ಟದ್ದು, ಕಳ್ಳ ಸಂಪರ್ಕ ಮತ್ತು ಮೀಟರ್ ದೋಷದಿಂದ ಕಳೆದುಹೋದದ್ದು, ನೆಲಕ್ಕೆ ಸೋರಿದ್ದು. ಲೆಕ್ಕಕ್ಕೆ ಸಿಗದ ನೀರು ಎಂದು ಒಂದೇ ಶೇಕಡಾವಾರು ಹೇಳುವುದು ನನಗೆ ಈಗಲೂ ಹಿಡಿಸುವುದಿಲ್ಲ. ಕಳ್ಳ ಸಂಪರ್ಕದಿಂದ ಹೋದ ನೀರನ್ನು ಯಾರೋ ಕುಡಿದಿರುತ್ತಾರೆ. ಅದನ್ನು ತಡೆದರೆ ಆದಾಯ ಬರುತ್ತದೆಯೇ ಹೊರತು ಪೂರ್ತಿ ನೀರು ಉಳಿಯುವುದಿಲ್ಲ. ಸೋರಿಕೆಯನ್ನು ತಡೆದರೆ ಮಾತ್ರ ನೀರೇ ಉಳಿಯುತ್ತದೆ.

ಸೋರಿಕೆಯನ್ನು ಅಳೆಯಲು ರಾತ್ರಿ ಹೋಗಬೇಕು. ಒಂದು ಬಡಾವಣೆಯ ಗಡಿ ವಾಲ್ವುಗಳನ್ನೆಲ್ಲ ಮುಚ್ಚಿ ಒಂದೇ ಕೊಳವೆಯಿಂದ ನೀರು ಒಳಹೋಗುವಂತೆ ಮಾಡಿ, ನಡುರಾತ್ರಿ ಎರಡರಿಂದ ನಾಲ್ಕು ಗಂಟೆಯ ನಡುವೆ ಆ ಮೀಟರನ್ನು ನೋಡುತ್ತಾ ನಿಂತೆವು. ಊರು ಮಲಗಿರುವ ಆ ಹೊತ್ತಿನಲ್ಲಿ ಮುಳ್ಳು ಹೆಚ್ಚುಕಡಿಮೆ ನಿಲ್ಲಬೇಕು. ಅದು ಹಗಲಿನ ಅರ್ಧದಷ್ಟು ವೇಗದಲ್ಲಿ ತಿರುಗುತ್ತಲೇ ಇತ್ತು. ಅದಷ್ಟೂ ಸೋರಿಕೆಯೆಂದು ನಾನು ಅವಸರದಿಂದ ಬರೆದುಕೊಂಡೆ. ಜೊತೆಗಿದ್ದ ಅನುಭವಿ ಮೆಕ್ಯಾನಿಕ್ ನಕ್ಕು, ಮನೆ ಮೇಲಿನ ತೊಟ್ಟಿಗಳು ಒತ್ತಡ ಹೆಚ್ಚಾಗುವ ರಾತ್ರಿಯಲ್ಲೇ ತುಂಬಿಕೊಳ್ಳುತ್ತವೆ, ಅವು ತುಂಬಿದ ಮೇಲೆ ನೋಡೋಣ ಎಂದರು. ನಾಲ್ಕು ಗಂಟೆಯ ಹೊತ್ತಿಗೆ ಮುಳ್ಳು ಇನ್ನಷ್ಟು ನಿಧಾನವಾಗಿ, ಒಂದು ವೇಗಕ್ಕೆ ಬಂದು ನಿಂತಿತು. ಆ ಉಳಿದ ವೇಗವೇ ಸೋರಿಕೆ. ಅವರು ಕಬ್ಬಿಣದ ಸರಳಿನ ಒಂದು ತುದಿಯನ್ನು ವಾಲ್ವಿನ ಮೇಲೂ ಇನ್ನೊಂದನ್ನು ಕಿವಿಗೂ ಹಚ್ಚಿ ಬೀದಿಯುದ್ದಕ್ಕೂ ನಡೆದು, ಒಂದು ಕಡೆ ನಿಂತು ನನ್ನನ್ನು ಕರೆದರು. ಕಿವಿಗೊಟ್ಟಾಗ ದೂರದಲ್ಲಿ ಒಗ್ಗರಣೆ ಸಿಡಿದಂಥ ಸಣ್ಣ ಸಿಳ್ಳು ಕೇಳಿಸಿತು. ಮೇಲಿನ ರಸ್ತೆ ಪೂರ್ತಿ ಒಣಗಿತ್ತು. ಸೋರಿದ ನೀರು ಹತ್ತಿರದ ಚರಂಡಿಗೆ ನೆಲದೊಳಗಿಂದಲೇ ಸೇರುತ್ತಿತ್ತು.

ಕಾಂಬೋಡಿಯದ ನೊಮ್ ಪೆನ್ ನಗರ 1993ರಲ್ಲಿ ನೀರಿನ 72 ಶೇಕಡಾವನ್ನು ಹೀಗೆ ಲೆಕ್ಕವಿಲ್ಲದೆ ಕಳೆದುಕೊಳ್ಳುತ್ತಿತ್ತು. ಎರಡು ದಶಕದೊಳಗೆ ಅದನ್ನು 6 ಶೇಕಡಾದ ಆಸುಪಾಸಿಗೆ ಇಳಿಸಿತು. ಆ ಅಂಕಿಗಳನ್ನು ಸಭೆಯಲ್ಲಿ ಹೇಳಿದರೆ ಎಲ್ಲರೂ ತಲೆದೂಗುತ್ತಾರೆ, ಆದರೆ ಒಂದು ದುರಸ್ತಿಗಾಗಿ ಹೊಸದಾಗಿ ಹಾಕಿದ ರಸ್ತೆಯನ್ನು ಅಗೆಯಲು ಅನುಮತಿ ಕೇಳಿದರೆ ಯಾರೂ ತಲೆದೂಗುವುದಿಲ್ಲ. ನಮಗೆ ಬೇಗ ಫಲ ಕೊಟ್ಟದ್ದು ಒತ್ತಡದ ನಿಯಂತ್ರಣ. ಒತ್ತಡವನ್ನು ಹತ್ತು ಶೇಕಡಾ ತಗ್ಗಿಸಿದರೆ ಸೋರಿಕೆಯೂ ಸರಿಸುಮಾರು ಅಷ್ಟೇ ತಗ್ಗುತ್ತದೆ, ಕೊಳವೆ ಒಡೆಯುವುದೂ ಕಡಿಮೆಯಾಗುತ್ತದೆ. ರಾತ್ರಿ ಒತ್ತಡವನ್ನು ತಾನಾಗಿಯೇ ಇಳಿಸುವ ವಾಲ್ವುಗಳನ್ನು ತಗ್ಗಿನ ಬಡಾವಣೆಗಳಲ್ಲಿ ಕೂರಿಸಿದೆವು. ಅದಕ್ಕೆ ರಸ್ತೆ ಅಗೆಯುವ ಪ್ರಮೇಯವೇ ಹೆಚ್ಚು ಬರಲಿಲ್ಲ.

ಹೊಸ ಮೂಲಗಳ ಅಧ್ಯಾಯದ ಬಗ್ಗೆ ಜನರಿಗೆ ಕುತೂಹಲ ಹೆಚ್ಚು, ನನಗೆ ಹೇಳಲು ಇರುವುದು ಕಡಿಮೆ. ನಮೀಬಿಯದ ವಿಂಡ್‌ಹುಕ್ ನಗರ ಬಳಸಿದ ನೀರನ್ನೇ ಶುದ್ಧೀಕರಿಸಿ 1968ರಿಂದ ಕುಡಿಯುತ್ತಿದೆ. ಸಿಂಗಪುರವು ಮಳೆನೀರು, ನೆರೆಯ ಮಲೇಷ್ಯದ ಜೊಹೋರಿನಿಂದ ಬರುವ ನೀರು, 2003ರಿಂದ ಮರುಬಳಕೆಯ ನೀರು, 2005ರಿಂದ ಸಮುದ್ರದ ನೀರು ಎಂದು ನಾಲ್ಕು ಮೂಲಗಳನ್ನು ಇಟ್ಟುಕೊಂಡಿದೆ. ಜೊಹೋರಿನ ಒಪ್ಪಂದ 2061ಕ್ಕೆ ಮುಗಿಯುತ್ತದೆಂಬುದು ಆ ಯೋಜನೆಯ ಹಿಂದಿರುವ ಗಡುವು. ಇವುಗಳಿಂದ ನಾನು ತೆಗೆದುಕೊಂಡದ್ದು ಒಂದೇ ಒಂದು ಪರೀಕ್ಷೆ: ಒಂದೇ ಕಾರಣಕ್ಕೆ ಎರಡು ಮೂಲಗಳು ಏಕಕಾಲದಲ್ಲಿ ಕೈಕೊಡುತ್ತವೆಯೇ? ಹಳೆಯ ಕಡತ ಶಿಫಾರಸು ಮಾಡಿದ್ದ ದೂರದ ನದಿಗೂ ನಮ್ಮ ನದಿಗೂ ಮಳೆ ತರುವುದು ಒಂದೇ ಮೋಡ. ಎರಡರ ಕೆಟ್ಟ ವರ್ಷಗಳನ್ನು ಅಕ್ಕಪಕ್ಕ ಬರೆದಾಗ ಬಹುಪಾಲು ಹೊಂದಿಕೊಂಡವು. ಸಾಮಾನ್ಯ ವರ್ಷದಲ್ಲಿ ಆ ಕೊಳವೆ ನೀರು ತರುತ್ತದೆ, ಬೇಕಾದ ವರ್ಷದಲ್ಲಿ ತರುವುದಿಲ್ಲ. ಅಂತರ್ಜಲಕ್ಕೆ ಆ ದೋಷ ಇಲ್ಲ. ಅದು ಬರವನ್ನು ತಡವಾಗಿ ಅನುಭವಿಸುತ್ತದೆ. ಆದರೆ ಒಳ್ಳೆಯ ವರ್ಷದಲ್ಲೂ ಕೊಳವೆ ಬಾವಿಗಳನ್ನು ಬಿಡುವಿಲ್ಲದೆ ಓಡಿಸಿದರೆ ಬರ ಬಂದಾಗ ಅಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಜಲಾಶಯ ತುಂಬಿದ ತಿಂಗಳುಗಳಲ್ಲಿ ಬಾವಿಗಳ ಪಂಪು ನಿಲ್ಲಿಸಬೇಕೆಂಬ ನಿಯಮ ಬರೆದೆವು, ಮತ್ತು ಸಂಸ್ಕರಿತ ನೀರನ್ನು ಮೊದಲು ಕೈಗಾರಿಕೆಗೆ ಕೊಟ್ಟು ಆ ಪಾಲಿನ ಸಿಹಿನೀರನ್ನು ಮನೆಗಳಿಗೆ ಬಿಡಿಸಿಕೊಂಡೆವು. ಬರದ ಗಾಬರಿಯಲ್ಲಿ ದೊಡ್ಡ ಘಟಕ ಕಟ್ಟುವುದರ ಬಗ್ಗೆ ಮೆಲ್ಬರ್ನ್ ನಗರದ ಉದಾಹರಣೆ ಕಣ್ಣ ಮುಂದಿತ್ತು. ಅಲ್ಲಿಯ ಸಮುದ್ರನೀರು ಸಿಹಿಗೊಳಿಸುವ ಘಟಕ 2012ರ ಕೊನೆಗೆ ಸಿದ್ಧವಾಗುವ ಹೊತ್ತಿಗೆ ಮಳೆ ಬಂದು ಜಲಾಶಯಗಳು ಚೇತರಿಸಿಕೊಂಡಿದ್ದವು, ನಗರ ಅದರ ನೀರನ್ನು ತೆಗೆದುಕೊಂಡದ್ದು 2017ರಲ್ಲಿ. ಅದನ್ನು ದಂಡವೆನ್ನುವವರಿದ್ದಾರೆ, ವಿಮೆಯೆನ್ನುವವರೂ ಇದ್ದಾರೆ. ನಾವು ಜಾಗ, ಪರವಾನಗಿ, ವಿನ್ಯಾಸ ಇವಿಷ್ಟನ್ನು ಈಗಲೇ ಮುಗಿಸಿಟ್ಟು, ಕಟ್ಟುವ ನಿರ್ಧಾರವನ್ನು ಒಂದು ನಿರ್ದಿಷ್ಟ ಸೂಚನೆಗೆ ಕಟ್ಟಿಹಾಕಿದೆವು.

ಸೂಚನೆಗಳ ಈ ಭಾಗವೇ ನನ್ನ ದೃಷ್ಟಿಯಲ್ಲಿ ಯೋಜನೆಯ ಹೃದಯ. ಜಲಾಶಯ ಶೇಕಡಾ ಇಷ್ಟಕ್ಕೆ ಇಳಿದರೆ ಮಿತವ್ಯಯ ಆರಂಭಿಸಬೇಕು ಎಂದು ವರ್ಷಕ್ಕೆಲ್ಲ ಒಂದೇ ಗೆರೆ ಎಳೆಯುವುದು ಸಾಲದು. ಮಳೆಗಾಲ ಎದುರಿಗಿರುವಾಗ ನಲವತ್ತು ಶೇಕಡಾ ನೆಮ್ಮದಿಯ ಮಟ್ಟ, ಅದೇ ನಲವತ್ತು ಮಳೆಗಾಲ ಮುಗಿದ ಮರುವಾರ ಅಪಾಯದ ಮಟ್ಟ. ಆದ್ದರಿಂದ ತಿಂಗಳಿಗೊಂದರಂತೆ ಏರಿಳಿಯುವ ಮೂರು ಗೆರೆಗಳನ್ನು ಎಳೆದೆವು. ಅವುಗಳನ್ನು ಕಂಡುಕೊಂಡ ರೀತಿ ಹೀಗೆ: ದಾಖಲೆಯ ಅತಿ ಕೆಟ್ಟ ಒಳಹರಿವನ್ನು ಇಟ್ಟುಕೊಂಡು ಮುಂದಿನ ಎರಡು ಮಳೆಗಾಲ ದಾಟಲು ಇಂದು ಎಷ್ಟು ಇರಬೇಕು ಎಂದು ಹಿಂದಕ್ಕೆ ಎಣಿಸುತ್ತಾ ಬರುವುದು. ಮೊದಲ ಗೆರೆ ದಾಟಿದರೆ ತೋಟ, ಕಾರಂಜಿ, ವಾಹನ ತೊಳೆಯುವಿಕೆಗೆ ಕಡಿವಾಣ ಮತ್ತು ಸೋರಿಕೆ ದುರಸ್ತಿಗೆ ಹೆಚ್ಚುವರಿ ತಂಡಗಳು. ಎರಡನೆಯದಕ್ಕೆ ಹೆಚ್ಚು ಬಳಸುವವರಿಗೆ ಏರಿದ ದರ, ಬಾವಿಗಳ ಪಂಪು ಆರಂಭ. ಮೂರನೆಯದಕ್ಕೆ ಮನೆಗೆ ಇಷ್ಟೇ ಎಂಬ ಮಿತಿ ಮತ್ತು ಒತ್ತಡದ ಕಡಿತ.

ದಿನ ಬಿಟ್ಟು ದಿನ ನೀರು ಬಿಡುವ ಉಪಾಯವನ್ನು ಮೂರನೆಯ ಹಂತದಲ್ಲೂ ಸೇರಿಸಬಾರದೆಂದು ನಾನು ಹಟ ಹಿಡಿದೆ, ಅದಕ್ಕಾಗಿ ಸಾಕಷ್ಟು ಮಾತು ಕೇಳಬೇಕಾಯಿತು. ಖಾಲಿಯಾದ ಕೊಳವೆಯೊಳಕ್ಕೆ ಒಡಕುಗಳ ಮೂಲಕ ಕೊಳಕು ನೀರು ನುಗ್ಗುತ್ತದೆ. ನೀರು ಮತ್ತೆ ಬಿಟ್ಟಾಗ ಅದರ ಮುಂದೆ ಓಡುವ ಗಾಳಿ ಮೀಟರುಗಳನ್ನು ತಿರುಗಿಸುತ್ತದೆ, ಕೊಳವೆಗಳನ್ನು ಒಡೆಯುತ್ತದೆ. ಮನೆಯವರು ನಾಳೆ ಬರುವುದೋ ಇಲ್ಲವೋ ಎಂದು ಎಲ್ಲ ಪಾತ್ರೆಗಳಲ್ಲೂ ಹಿಡಿದಿಟ್ಟು, ಹೊಸ ನೀರು ಬಂದ ದಿನ ಹಳೆಯದನ್ನು ಚೆಲ್ಲುತ್ತಾರೆ. ಎತ್ತರದ ಬೀದಿಗೆ ಮತ್ತು ಕೊಳವೆಯ ಕೊನೆಯ ಮನೆಗೆ ಎರಡೂ ದಿನ ಬರುವುದಿಲ್ಲ. ಕಡಿಮೆ ಒತ್ತಡದಲ್ಲಾದರೂ ಕೊಳವೆ ತುಂಬಿರಬೇಕು ಎಂಬುದನ್ನು ಕೊನೆಗೆ ಒಪ್ಪಿಸಿದೆ.

ದಕ್ಷಿಣ ಆಫ್ರಿಕದ ಕೇಪ್ ಟೌನ್ ನಗರ 2018ರ ಬರದಲ್ಲಿ ಏನು ಮಾಡಿತು ಎಂಬುದನ್ನು ನಾವು ಹಂತ ಹಂತವಾಗಿ ಓದಿದೆವು. ಅಲ್ಲಿ ಫೆಬ್ರುವರಿ 1ರಿಂದ ತಲಾ ದಿನಕ್ಕೆ 50 ಲೀಟರ್ ಮಿತಿ ಬಂತು, ಜಲಾಶಯಗಳು ಶೇ. 13.5ಕ್ಕೆ ಇಳಿದರೆ ನಲ್ಲಿಗಳನ್ನು ಮುಚ್ಚಿ, ವಿತರಣಾ ಕೇಂದ್ರಗಳಲ್ಲಿ ತಲಾ 25 ಲೀಟರ್ ಕೊಡುವ ಸಿದ್ಧತೆ ನಡೆದಿತ್ತು. ಆ ದಿನ ಬರಲಿಲ್ಲ. 2015ಕ್ಕೆ ಹೋಲಿಸಿದರೆ ನಗರದ ಬಳಕೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಆದರೆ ಇದರ ಇನ್ನೊಂದು ಮುಖವನ್ನು ಯೋಜಕರು ನೋಡಲೇಬೇಕು. ಒಮ್ಮೆ ಜನ ಮಿತವ್ಯಯದ ನಲ್ಲಿ, ಶೌಚಾಲಯಗಳನ್ನು ಹಾಕಿಸಿಕೊಂಡರೆ ಮುಂದಿನ ಬರದಲ್ಲಿ ಅವರಿಂದ ಇನ್ನಷ್ಟು ಹಿಂಡಲು ಉಳಿದಿರುವುದಿಲ್ಲ. ಉಳಿಸಿದ ನೀರನ್ನು ಹೊಸ ಬಡಾವಣೆಗಳಿಗೆ ಹಂಚಿಬಿಟ್ಟರಂತೂ ನಗರ ಮೊದಲಿಗಿಂತ ಬಿಗಿಯಾದ ಹಗ್ಗದ ಮೇಲೆ ನಡೆಯುತ್ತಿರುತ್ತದೆ. ಅದಕ್ಕೇ ಸೋರಿಕೆ ತಡೆದು ಗಳಿಸಿದ ನೀರಿನಲ್ಲಿ ಒಂದು ಪಾಲನ್ನು ಯಾರಿಗೂ ಹಂಚದೆ ಜಲಾಶಯದಲ್ಲೇ ಬಿಡುವ ಸಾಲೊಂದನ್ನು ಸೇರಿಸಿದೆವು. ಬಳಕೆ ತಗ್ಗಿದಾಗ ಬಿಲ್ಲಿನ ಆದಾಯ ತಗ್ಗುತ್ತದೆ, ಸಂಬಳ, ಸಾಲದ ಕಂತು ತಗ್ಗುವುದಿಲ್ಲ ಎಂಬುದನ್ನು ಹಣಕಾಸು ವಿಭಾಗದವರೇ ನೆನಪಿಸಿ, ಬರದ ವರ್ಷಕ್ಕೆಂದು ಮೀಸಲು ನಿಧಿ ತೆಗೆದಿರಿಸಿದರು.

ಯೋಜನೆಗೆ ಸಹಿ ಬಿದ್ದದ್ದು ಕೋಡಿ ಹರಿಯುತ್ತಿದ್ದ ತಿಂಗಳಲ್ಲಿ. ಆ ತಿಂಗಳನ್ನೇ ನಾನು ಕಾದಿದ್ದೆ. ನೀರು ಬತ್ತಿರುವಾಗ ಯಾರ ನೀರನ್ನು ಮೊದಲು ಕಡಿಯಬೇಕೆಂದು ಕೇಳಿದರೆ ಪ್ರತಿಯೊಬ್ಬರೂ ಪಕ್ಕದವರತ್ತ ಬೆರಳು ತೋರಿಸುತ್ತಾರೆ. ತುಂಬಿರುವಾಗ ಕೇಳಿದರೆ ನ್ಯಾಯವಾಗಿ ಯೋಚಿಸುತ್ತಾರೆ. ಗೆರೆ ದಾಟಿದ ಮೂರು ದಿನದೊಳಗೆ ಆದೇಶ ಹೊರಡಬೇಕು, ತಡೆಯಬೇಕೆನ್ನುವವರು ಲಿಖಿತ ಕಾರಣ ಕೊಡಬೇಕು ಎಂಬ ಷರತ್ತಿಗೆ ಆ ದಿನ ಯಾರೂ ಆಕ್ಷೇಪಿಸಲಿಲ್ಲ.

ಸಹಿ ಬಿದ್ದ ಮೂರನೆಯ ವರ್ಷ ಮಳೆ ತಡವಾಗಿ ಜಲಾಶಯ ಮೊದಲ ಗೆರೆ ದಾಟಿತು. ಆದೇಶ ಮೂರು ದಿನಕ್ಕೆ ಬದಲು ಹನ್ನೊಂದು ದಿನಕ್ಕೆ ಹೊರಟಿತು. ಲಿಖಿತ ಕಾರಣ ಯಾರೂ ಕೊಡಲಿಲ್ಲ. ಕಡತ ಮೇಜಿನಿಂದ ಮೇಜಿಗೆ ಮೌನವಾಗಿ ಚಲಿಸಿತಷ್ಟೆ. ಎರಡನೆಯ ಗೆರೆಗೆ ಬಂದಾಗ ಬಾವಿಗಳ ಪಂಪು ಆರಂಭಿಸಹೊರಟರೆ, ನಮ್ಮದೇ ನಿಯಮದಂತೆ ತಿಂಗಳುಗಟ್ಟಲೆ ನಿಂತಿದ್ದ ಕೆಲವು ಪಂಪುಗಳು ತುಕ್ಕು ಹಿಡಿದು ಕೂತಿದ್ದವು. ನಿಲ್ಲಿಸಿ ಎಂದು ಬರೆದವನು ನಾನು, ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಓಡಿಸಿ ಎಂದು ಬರೆಯುವುದನ್ನು ಮರೆತವನೂ ನಾನೇ. ಮೂರನೆಯ ಗೆರೆ ಮುಟ್ಟುವ ಮೊದಲು ಮಳೆ ಹಿಡಿದುಕೊಂಡಿತು.

ಯೋಜನೆಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತೇವೆ. ಗೆರೆಗಳ ಲೆಕ್ಕವನ್ನು ಮಾತ್ರ ಪ್ರತಿ ಮಳೆಗಾಲದ ಕೊನೆಗೆ ಹೊಸದಾಗಿ ಮಾಡುತ್ತೇವೆ. ಪಂಪುಗಳಿಗೆ ಓಡಿಸುವ ದಿನಚರಿ ಬಂದಿದೆ. ಮಾಪನ ಪಟ್ಟಿಯ ಬಳಿ ಈಗ ತಾನಾಗಿಯೇ ಮಟ್ಟ ದಾಖಲಿಸುವ ಉಪಕರಣವಿದೆ, ಆದರೂ ಬೆಳಗಿನ ಕೈಬರಹದ ರಿಜಿಸ್ಟರನ್ನು ನಿಲ್ಲಿಸಿಲ್ಲ. ಅದರ ಮೊದಲ ಪುಟದಲ್ಲಿ ಒಂದು ಸೂಚನೆಯನ್ನು ಅಂಟಿಸಿದ್ದೇವೆ: ತಲುಪಲಾಗದ ದಿನ ಅಂಕಣವನ್ನು ಖಾಲಿ ಬಿಡಿ, ವಿವರಣೆ ಕೇಳುವುದಿಲ್ಲ. ಕಳೆದ ಮಳೆಗಾಲದ ಪುಟಗಳಲ್ಲಿ ಏಳು ಖಾಲಿ ಅಂಕಣಗಳಿದ್ದವು.